ಹಿಂದಿನ ಸೀಟಿನ ತೂಕ

ಗಂಗೂಳ ತೂಕ ನಲವತ್ತಾರು ಕಿಲೋ ಎಂಬುದು ಅವರ್ಸಾದ ಅರ್ಧ ಊರಿಗೆ ಗೊತ್ತಾದದ್ದು 2007ರ ಜನವರಿಯ ಒಂದು ಬೆಳಿಗ್ಗೆ. ಗಂಡ ಮಧುಕರ ಅವಳನ್ನು ಅಕ್ಕಿ ಗಿರಣಿಯ ತೂಕದ ಯಂತ್ರದ ಮೇಲೆ ನಿಲ್ಲಿಸಿ, ಮುಳ್ಳು ನಿಲ್ಲುವವರೆಗೆ ಕಾದು, ಕಿಸೆಯಿಂದ ನೋಟ್‌ಬುಕ್ ತೆಗೆದು ಬರೆದುಕೊಂಡ. ಸೀರೆ, ಬಳೆ, ಕರಿಮಣಿ ಎಲ್ಲ ಸೇರಿ ನಲವತ್ತಾರು. ಅಕ್ಕಿ ಮಾಡಿಸಲು ಬಂದ ಹೆಂಗಸರಿಗೆ ನಗು ತಡೆಯಲಾಗಲಿಲ್ಲ.

"ಎಂತ ಗಂಗಕ್ಕ, ನಿನ್ನ ಮಾರೂಕೆ ಹೊರಟಾನಾ ಗಂಡ?"

"ಮಾರೂಕಲ್ಲ, ಹಾರಿಸೂಕೆ" ಎಂದಳು ಗಂಗೂ, ಯಂತ್ರದಿಂದ ಇಳಿಯುತ್ತ.

ಅವಳು ಹೇಳಿದ್ದು ನಿಜವೇ ಆಗಿತ್ತು. ಮನೆಯ ಹಿಂದೆ, ಕೊಟ್ಟಿಗೆಗೆ ತಾಗಿದ ತಗಡಿನ ಮಾಡಿನಡಿ ಒಂದು ಪುಟ್ಟ ವಿಮಾನ ನಿಂತಿತ್ತು. ಮಧುಕರ ಅದನ್ನು ಕಟ್ಟಲು ಆರು ವರ್ಷ ತೆಗೆದುಕೊಂಡಿದ್ದ. ಅವನು ಕಾರವಾರದ ಬಂದರಿನಲ್ಲಿ ಟ್ರಾಲರ್ ಇಂಜಿನ್ ರಿಪೇರಿ ಮಾಡುವವನು. ಗೋವೆಯಲ್ಲಿ ಒಬ್ಬ ನಿವೃತ್ತ ಪೈಲಟ್ ಮುದುಕರ ದೋಣಿಯ ಇಂಜಿನ್ ಸರಿಮಾಡಿಕೊಟ್ಟಾಗ ಅವರ ಮೇಜಿನ ಮೇಲೆ ವಿಮಾನದ ನಕಾಶೆ ಕಂಡಿದ್ದ. ಆ ನಕಾಶೆಯನ್ನೂ, ರವಿವಾರಕ್ಕೊಂದರಂತೆ ಎರಡು ವರ್ಷದ ಪಾಠವನ್ನೂ ಅವರಿಂದಲೇ ಪಡೆದುಕೊಂಡು ಬಂದ. ಅಲ್ಯೂಮಿನಿಯಂ ಕೊಳವೆಗಳ ಮೈ, ಮರದ ಪಕ್ಕೆಗಳಿಗೆ ಬಟ್ಟೆ ಹೊದಿಸಿದ ರೆಕ್ಕೆ, ಮೂಗಿನಲ್ಲಿ ಮರದ ಪಂಖ, ಒಂದರ ಹಿಂದೆ ಒಂದು ಎರಡು ಸೀಟು. ಮೇಲೆ ಮುಚ್ಚಳವಿಲ್ಲ. ಪರವಾನಿಗೆಗಾಗಿ ಇನ್ನೆರಡು ವರ್ಷ ಕಾಗದಗಳು ಓಡಾಡಿದವು. ಕೊನೆಗೆ ಬೆಳಗಿನ ಎರಡು ತಾಸು, ನೌಕಾನೆಲೆಯ ದಿಕ್ಕಿಗೆ ತಲೆ ಹಾಕದೆ, ದಕ್ಷಿಣದ ಕಡಲಂಚಿನ ಮೇಲಷ್ಟೇ ಹಾರಬಹುದೆಂಬ ಒಂದು ಪತ್ರ ಬಂತು. ಸಮುದ್ರ ಇಳಿದಾಗ ಅವರ್ಸಾದ ಮರಳು ರಸ್ತೆಯಷ್ಟು ಗಟ್ಟಿ. ಅಲ್ಲಿಂದಲೇ ಅದು ಏಳುತ್ತಿತ್ತು, ಅಲ್ಲಿಗೇ ಇಳಿಯುತ್ತಿತ್ತು.

ಅವನು ವಿಮಾನ ಕಟ್ಟಿದ ಎಂದೇ ಊರು ಹೇಳುತ್ತಿತ್ತು. ರೆಕ್ಕೆಗೆ ಬಟ್ಟೆ ಹೊಲಿದದ್ದು ಗಂಗೂ. ಆ ಹೊಲಿಗೆಗೆ ಮೊಳದುದ್ದದ ಸೂಜಿ ಬೇಕು. ರೆಕ್ಕೆಯನ್ನು ಬಾಗಿಲಿನಂತೆ ನೆಟ್ಟಗೆ ನಿಲ್ಲಿಸಿ, ಒಬ್ಬರು ಈಚೆಯಿಂದ ಚುಚ್ಚಿದರೆ ಇನ್ನೊಬ್ಬರು ಆಚೆಯಿಂದ ಎಳೆದು ಹಿಂದಕ್ಕೆ ಕೊಡಬೇಕು. ಪ್ರತಿ ಎರಡು ಬೆರಳಿಗೊಂದು ಗಂಟು. ಮಧುಕರನ ಬೆರಳು ಸ್ಪ್ಯಾನರ್‌ಗೆ ಪಳಗಿದ್ದವು, ಗಂಟು ಜಾರುತ್ತಿತ್ತು. ಆಬೋಲಿ ಹೂವಿನ ದಂಡೆ ಕಟ್ಟುವ ಕೈಗೆ ಆ ಗಂಟು ಒಂದೇ ಮಧ್ಯಾಹ್ನದಲ್ಲಿ ಬಂತು. ಬಟ್ಟೆ ಬಿಗಿಯಾಗಲು ಬಿಸಿ ತಾಗಿಸಬೇಕಿತ್ತು. ಅದಕ್ಕೆ ಮನೆಯ ಇಸ್ತ್ರಿ ಪೆಟ್ಟಿಗೆಯೇ ಬಂತು. ಅವಳು ಇಸ್ತ್ರಿ ಎಳೆದಂತೆ ಸಡಿಲ ಬಟ್ಟೆ ಕಣ್ಣೆದುರೇ ಮುದುಡಿ, ಬಿಗಿದು, ಬೆರಳಲ್ಲಿ ತಟ್ಟಿದರೆ ಡೊಳ್ಳಿನಂತೆ ದನಿ ಕೊಡುತ್ತಿತ್ತು. ಹಾಗೆ ತಟ್ಟಿದಾಗೆಲ್ಲ ಅವಳಿಗೆ ಎದೆಯೊಳಗೆ ಏನೋ ಒಂದು ಮೆಲ್ಲಗೆ ನೆಲ ಬಿಟ್ಟ ಹಾಗಾಗುತ್ತಿತ್ತು.

ಹೊಲಿಯುತ್ತಿದ್ದ ಆ ದಿನಗಳಲ್ಲಿ ರೆಕ್ಕೆಯ ಆಚೆಯಿಂದ ಮಧುಕರನ ದನಿ ಬಂದಿತ್ತು: "ಹಿಂದಿನ ಸೀಟು ನಿಂದೇ, ಗಂಗೂ. ಮೊದಲು ಕೂಡ್ರೂವಳು ನೀನೇ."

ಬಟ್ಟೆಯ ಈಚೆ ಅವಳ ಮುಖ ಅವನಿಗೆ ಕಾಣುತ್ತಿರಲಿಲ್ಲ. ಅವಳು ಸೂಜಿ ಹಿಂದಕ್ಕೆ ಚುಚ್ಚಿದಳು.

ಅವಳ ತೌರು ಹಣಕೋಣ. ಏಳನೆಯ ಇಯತ್ತೆವರೆಗೆ ಕಲಿತವಳು, ಇಪ್ಪತ್ತಕ್ಕೆ ಅವರ್ಸಾಕ್ಕೆ ಬಂದಳು. ಈಗ ನಲವತ್ಮೂರು. ಮಗಳು ವಿಜೇತಾ ಮದುವೆಯಾಗಿ ಮಡಗಾಂವಿನಲ್ಲಿದ್ದಳು. ಮನೆಯಲ್ಲಿ ಅತ್ತೆ ನಾಗಮ್ಮ, ಒಂದು ಹಸು, ಹನ್ನೆರಡು ತೆಂಗಿನ ಮರ, ಎರಡು ಬೆಳೆ ಬರುವ ತುಂಡು ಗದ್ದೆ. ಗಂಗೂ ಊರು ಬಿಟ್ಟು ದೂರ ಹೋದವಳಲ್ಲ. ಹೋಗಬೇಕೆಂದೂ ಅನಿಸಿರಲಿಲ್ಲ. ಅವಳ ಆಸೆ ಬೇರೆ ತರಹದ್ದು. ದಿನಾ ನೋಡುವುದನ್ನೇ ಮೇಲಿನಿಂದ ಒಮ್ಮೆ ನೋಡಬೇಕು. ಗಂಗಾವಳಿ ನದಿ ಮಂಜಗುಣಿಯ ಹತ್ತಿರ ಸಮುದ್ರ ಸೇರುವಾಗ ಎರಡು ಬಣ್ಣದ ನೀರು ಸ್ವಲ್ಪ ದೂರ ಕೂಡದೆ ಅಕ್ಕಪಕ್ಕ ಹೋಗುತ್ತದಂತೆ. ಮಧುಕರ ನೋಡಿ ಬಂದು ಹೇಳಿದ್ದ. ಮಧ್ಯಾಹ್ನ ಊಟದ ಪಾತ್ರೆ ತೊಳೆದು ಚಾಪೆಯ ಮೇಲೆ ಒರಗಿದ ಕಾಲು ತಾಸು, ಆ ಎರಡು ಬಣ್ಣ ಅವಳ ರೆಪ್ಪೆಯೊಳಗೆ ಬರುತ್ತಿದ್ದವು. ಒಂದು ಅಕ್ಕಿ ತೊಳೆದ ನೀರಿನಂಥದ್ದು, ಇನ್ನೊಂದು ನೀಲಿ. ಎರಡರ ನಡುವೆ ಅವಳು ಕಾಲಿಲ್ಲದೆ ತೇಲುತ್ತಿದ್ದಳು.

ಗಿರಣಿಯಲ್ಲಿ ತೂಕ ಮಾಡಿಸಿದ ಸಂಜೆ ಮಧುಕರ ನೋಟ್‌ಬುಕ್ ಹಿಡಿದು ಜಗಲಿಯಲ್ಲಿ ಕೂತ. ವಿಮಾನದ ಪ್ರತಿ ನಟ್ಟು, ಪ್ರತಿ ಬೋಲ್ಟಿನ ತೂಕ ಅದರಲ್ಲಿತ್ತು. ಹಿಂದಿನ ವಾರ ಗಂಗೂಳ ಬದಲಿಗೆಂದು ಅಂದಾಜಿನ ಒಂದು ಅಕ್ಕಿ ಚೀಲ ಹಿಂದಿನ ಸೀಟಿಗೆ ಕಟ್ಟಿ ಹಾರಿಸಿ ನೋಡಿದ್ದ. ಪೂರ್ತಿ ಇಂಜಿನ್ ಕೊಟ್ಟರೂ ಗಂಟೆಗೆ ಎಂಬತ್ನಾಲ್ಕು ಕಿಲೋಮೀಟರ್. ಮೇಲೇರುವುದಂತೂ ಅಜ್ಜಿ ಮೆಟ್ಟಿಲು ಹತ್ತಿದ ಹಾಗೆ.

"ಹಿಂದಿನ ಸೀಟು ತೆಗೆದ್ಬಿಡ್ತೆ" ಎಂದ. "ಸೀಟು, ಪಟ್ಟಿ, ನೀನು. ಐವತ್ತು ಕಿಲೋ ಬೇಡದ ಭಾರ. ಅದಿಲ್ದಿದ್ರೆ ನೂರರ ಹತ್ರ ಹೋಗ್ತದೆ."

ಗಂಗೂ ಕೊಡಪಾನ ಸೊಂಟದಿಂದ ಇಳಿಸುತ್ತಿದ್ದಳು. ದಿನಕ್ಕೆ ಇಪ್ಪತ್ತು ಕೊಡ, ಕೊಡಕ್ಕೆ ಹನ್ನೆರಡು ಕಿಲೋ. ಆ ಲೆಕ್ಕ ಯಾವ ನೋಟ್‌ಬುಕ್ಕಿನಲ್ಲೂ ಇರಲಿಲ್ಲ.

"ಬೇಡದ ಭಾರ ನಾನಾ?"

"ನೀನಂತ ಅಲ್ಲ ಮಾರಾಯ್ತಿ. ತೂಕ ಅಂತ ಹೇಳ್ದೆ."

"ಎಷ್ಟು ಓಡಿದ್ರೆ ಸೀಟು ಇರ್ತದೆ?"

ಅವನು ನಕ್ಕ. "ಚೀಲ ಕಟ್ಕೊಂಡೇ ತೊಂಬತ್ತೈದು ಬರ್ಲಿ. ಇದೇ ಇಂಜಿನ್, ಇದೇ ಪೆಟ್ರೋಲ್. ಬಂದ್ರೆ ಸೀಟಿಗೆ ಕೈ ಹಚ್ಚೂದಿಲ್ಲ. ಮಳೆಗಾಲಕ್ಕೆ ರೆಕ್ಕೆ ಬಿಚ್ಚೂವರೆಗೆ ಟೈಮ್ ಕೊಟ್ಟೆ, ಹೋಗು."

ಒಳಗಿನಿಂದ ಅತ್ತೆ ಹೇಳಿದರು: "ಏನ್ ಗೋ ಗಂಗೂ, ಆಕಾಶದಲ್ಲಿ ನಿಂಗೆಂತ ಇಟ್ಟದೆ? ಇಲ್ಲಿ ಹಸೂಗೆ ಹುಲ್ಲು ಹಾಕ್ದೆ ಮೂರು ತಾಸಾಯ್ತು."

ಹುಲ್ಲು ಹಾಕುತ್ತ ಗಂಗೂ ಲೆಕ್ಕ ಹಾಕಿದಳು. ಹನ್ನೊಂದು ಕಿಲೋಮೀಟರ್ ಹುಡುಕಬೇಕು. ನಾಲ್ಕೂವರೆ ತಿಂಗಳಿದೆ.

ಮೊದಲು ಅವಳ ಮನಸ್ಸಿಗೆ ಬಂದದ್ದು ದೋಣಿ. ಮಂಜಗುಣಿಯ ಸುಬ್ಬ ದೋಣಿಗಳಿಗೆ ವಾರ್ನಿಶ್ ಬಳಿಯುವುದರಲ್ಲಿ ಹೆಸರಾದವನು. ಅರವತ್ತು ದಾಟಿದರೂ ಅವನು ಬಳಿದ ದೋಣಿ ನೀರಿನಲ್ಲಿ ಎಣ್ಣೆಯಂತೆ ಜಾರುತ್ತದೆಂದು ಜನ ಹೇಳುತ್ತಿದ್ದರು. ಗಂಗೂ ಅವನನ್ನು ಕರೆಸಿದಳು. ಸುಬ್ಬ ರೆಕ್ಕೆಯ ಮೇಲೆ ಅಂಗೈ ಆಡಿಸಿ ಮುಖ ಸಿಂಡರಿಸಿದ.

"ತಂಗಿ, ಇದು ಮುಳ್ಳು ಮುಳ್ಳು ಅದೆ. ಗಾಳಿ ಹ್ಯಾಂಗೆ ಜಾರೂದು? ನಾಕು ಕೋಟು ಕುಡಿಸ್ತೆ. ಕನ್ನಡಿ ಆಗ್ತದೆ."

ನಾಲ್ಕು ಕೋಟು ಕುಡಿಸಿದ. ಒಂದು ಒಣಗಿದ ಮೇಲೆ ಒಂದು. ರೆಕ್ಕೆ ನಿಜವಾಗಿಯೂ ಕನ್ನಡಿಯಾಯಿತು. ಗಂಗೂ ಬಗ್ಗಿ ನೋಡಿದರೆ ತನ್ನ ಹಣೆಯ ಕುಂಕುಮ ಕಾಣುತ್ತಿತ್ತು, ಅದರ ಹಿಂದೆ ತೆಂಗಿನ ಗರಿ, ಅದರ ಹಿಂದೆ ಮೋಡ. ಮಧುಕರ ಬಂದರಿನ ಕೆಲಸದಲ್ಲಿ ಮುಳುಗಿದ್ದವನು ಶನಿವಾರ ಬಂದು ನೋಡಿ ಮೆಚ್ಚಿದ. ರವಿವಾರ ಚೀಲ ಕಟ್ಟಿಕೊಂಡು ಹಾರಿದ. ಇಳಿದವನ ಮುಖ ಸಪ್ಪೆಯಾಗಿತ್ತು.

"ಎಂಬತ್ತೊಂದು."

"ಕಡಿಮೆ ಆಯ್ತಾ?"

ರೆಕ್ಕೆ ಬಿಚ್ಚಿ ತೂಗಿದರು. ಸುಬ್ಬನ ವಾರ್ನಿಶ್ ಒಂಬತ್ತು ಕಿಲೋ ಆಗಿತ್ತು. ದೋಣಿಯ ಭಾರವನ್ನು ನೀರು ಹೊರುತ್ತದೆ. ಮತ್ತೊಂದು ಕೋಟು, ಇನ್ನೂ ಒಂದು ಕೋಟು ಎಂದರೆ ಕಡಲತಡಿಯಲ್ಲಿ ಯಾರೂ ಬೇಡವೆನ್ನುವುದಿಲ್ಲ. ಇಲ್ಲಿ ಹೊರುವುದು ಗಾಳಿ ಎಂಬುದು ಮೂವರಲ್ಲಿ ಯಾರಿಗೂ ಹೊಳೆದಿರಲಿಲ್ಲ.

"ನೋಡ್ದ್ಯಾ? ನಿನ್ನೊಬ್ಬಳ ತೂಕ ಅಲ್ದೆ ಮತ್ತೂ ಒಂಬತ್ತು ಕಿಲೋ ಕೂಡ್ಸಿಟ್ಟಿ" ಎಂದ ಮಧುಕರ.

ಮರುದಿನದಿಂದ ಗಂಗೂ ಉಪ್ಪುಕಾಗದ ನೀರಿನಲ್ಲಿ ನೆನೆಸಿಕೊಂಡು ಕೂತಳು. ಬಟ್ಟೆಯ ನೂಲು ಹರಿಯಬಾರದು, ವಾರ್ನಿಶ್ ಉಳಿಯಬಾರದು. ಕಾವಲಿಯ ತಳ ತಿಕ್ಕುವವಳಿಗೆ ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಎಂಬುದು ಗೊತ್ತು. ಮಧ್ಯಾಹ್ನದ ಆ ಕಾಲು ತಾಸಿನ ಚಾಪೆ ಹೋಯಿತು. ಒಂದೇ ದಿಕ್ಕಿಗೆ ಕೈ ಹೋಗಿ ಬಂದು ಹೋಗಿ ಬಂದು, ಕಣ್ಣು ತೆರೆದಿದ್ದೂ ಅವಳು ಎಲ್ಲೋ ಹೋಗಿಬಿಡುತ್ತಿದ್ದಳು. ಬಿಳಿಯ ರೆಕ್ಕೆ ಒಮ್ಮೆ ಗದ್ದೆಯಾಗುತ್ತಿತ್ತು, ಒಮ್ಮೆ ಮರಳಾಗುತ್ತಿತ್ತು. ಅದರ ಮೇಲೆ ತನ್ನ ಕೈ ಒಂದು ಸಣ್ಣ ಮೋಡದ ನೆರಳಿನಂತೆ ಸರಿಯುತ್ತಿರುವುದನ್ನು ಅವಳು ತುಂಬ ಎತ್ತರದಿಂದ ನೋಡುತ್ತಿದ್ದಳು. ಹದಿನೆಂಟು ಮಧ್ಯಾಹ್ನಗಳು ಹಾಗೆ ಕಳೆದವು. ಮಾರ್ಚ್ ಕೊನೆಗೆ ವೇಗದ ಮೀಟರಿನ ಮುಳ್ಳು ಎಂಬತ್ತೈದಕ್ಕೆ ಬಂತು. ಹೊರಟಲ್ಲಿಗಿಂತ ಒಂದು ಹೆಚ್ಚು.

ಏಪ್ರಿಲ್‌ನಲ್ಲಿ ಎರಡನೆಯ ಬೆಳೆಯ ಕೊಯ್ಲಾಯಿತು. ಸಂಜೆ ಕಡಲಗಾಳಿ ಬೀಸಲು ಶುರುವಾದಾಗ ಗಂಗೂ ಕೊಟ್ಟಿಗೆಯ ಪಕ್ಕ ನಿಂತು, ಗೆರಸಿಯಲ್ಲಿ ಭತ್ತ ಎತ್ತಿ ಗಾಳಿಗೆ ತೂರುತ್ತಿದ್ದಳು. ಕಾಳು ಕಾಲ ಬಳಿ ಬೀಳುತ್ತಿತ್ತು, ಹೊಟ್ಟು ಹಾರಿ ದೂರ ಹೋಗುತ್ತಿತ್ತು. ಅತ್ತೆ ಕೆಳಗೆ ಕೂತು ಕಾಳು ಗುಡಿಸುತ್ತಿದ್ದವರು ಕೂಗಿದರು:

"ಈಚೆ ಬಾ ಗೋ! ಕಂಬದ ಎದುರಿಗೆ ಯಾಕೆ ತೂರ್ತಿ? ಹೊಟ್ಟು ಪೂರಾ ಸುತ್ತಿ ಬಂದು ನನ್ನ ಕಣ್ಣಿಗೇ ಬೀಳ್ತದೆ."

ಅದು ಹೊಸ ಮಾತಲ್ಲ. ಕಂಬದ ಹಿಂದೆ ಕೂತವರ ಕಣ್ಣಿಗೆ ಹೊಟ್ಟು ಬೀಳುತ್ತದೆಂಬುದು ಭತ್ತ ತೂರುವ ಎಲ್ಲ ಹೆಂಗಸರಿಗೂ ಗೊತ್ತು. ಆದರೆ ಅಂದು ಗಂಗೂ ಗೆರಸಿ ಹಿಡಿದವಳು ಹಾಗೆಯೇ ನಿಂತಳು. ಕೊಟ್ಟಿಗೆಯ ದುಂಡು ಕಂಬವನ್ನು ದಾಟಿದ ಹೊಟ್ಟು ಮುಂದೆ ಹೋಗುತ್ತಿರಲಿಲ್ಲ. ಕಂಬದ ಬೆನ್ನಿಗೆ ಬಂದು, ಸುಳಿ ಸುತ್ತಿ, ಹಿಂದಕ್ಕೇ ಬರುತ್ತಿತ್ತು. ಸಂಜೆಯ ಬಿಸಿಲು ಬಿದ್ದು ಆ ಸುಳಿ ಹೊಂಬಣ್ಣದ ಸಣ್ಣ ಸಣ್ಣ ಉಂಗುರಗಳಾಗಿ ತಿರುಗುತ್ತಿತ್ತು. ಕಂಬ ಗಾಳಿಯನ್ನು ಹಿಡಿದು ಎಳೆದಿಟ್ಟುಕೊಂಡ ಹಾಗೆ.

ಅವಳು ಮಾಡಿನಡಿಯ ವಿಮಾನದತ್ತ ತಿರುಗಿದಳು. ಮೈಯಿಂದ ರೆಕ್ಕೆಗೆ ಆಧಾರವಾಗಿ ಓರೆಯಾಗಿ ಏರಿದ್ದ ನಾಲ್ಕು ಕೊಳವೆಗಳೂ ದುಂಡಗಿದ್ದವು. ಚಕ್ರದ ಕಾಲುಗಳೂ ದುಂಡಗೇ ಇದ್ದವು.

ರವಿವಾರ ಸಂಜೆ ಮಧುಕರನನ್ನು ಮಾಡಿನಡಿಗೆ ಕರೆದಳು. ಅವನ ಕೈಗೆ ಒಂದು ಗೆರಸಿ ಹೊಟ್ಟು ಕೊಟ್ಟಳು.

"ಈ ಕೊಳವೆ ಎದುರಿಗೆ ತೂರಿ."

"ನಾ ತೂರೂದಾ? ನಂಗೆ ಬರೂದಿಲ್ಲ."

"ಇಪ್ಪತ್ಮೂರು ವರ್ಷದಿಂದ ಇದೇ ಹೇಳ್ತೀರಿ. ತೂರಿ, ಅಡ್ಡಿಲ್ಲ."

ಅವನು ತೂರಿದ. ಅರ್ಧ ಅವನ ತಲೆಯ ಮೇಲೇ ಬಿತ್ತು. ಉಳಿದರ್ಧ ಕೊಳವೆಯ ಹಿಂದೆ ಸುಳಿಯಾಗಿ ನಿಂತದ್ದನ್ನು ಅವನು ನೋಡಿದ. ಮತ್ತೊಮ್ಮೆ ತೂರಿದ. ಮೂರನೆಯ ಸಲ ತಾನಾಗಿಯೇ ಗೆರಸಿ ತುಂಬಿಕೊಂಡ. ಅವನು ಇಂಜಿನ್ ನಂಬಿದವನು. ವೇಗ ಬೇಕೆಂದರೆ ಶಕ್ತಿ ಹೆಚ್ಚಿಸು, ಇಲ್ಲವೇ ಭಾರ ಇಳಿಸು ಎಂದು ಬಂದರಿನಲ್ಲಿ ಕಲಿತವನು. ಕಣ್ಣಿಗೆ ಕಾಣದ ಗಾಳಿ ಹೀಗೆ ಹಿಂದೆ ಜೋತುಬಿದ್ದು ಎಳೆಯುವುದನ್ನು ಅವನು ನೋಡಿರಲಿಲ್ಲ. ನಕಾಶೆಯ ಮೂಲೆಯಲ್ಲಿ ಆ ಕೊಳವೆಗಳಿಗೆ ಹೊದಿಕೆ ಹಾಕಬಹುದೆಂದು ಒಂದು ಸಾಲು ಇತ್ತಂತೆ. ಚೆಂದಕ್ಕೆ ಎಂದುಕೊಂಡು ಬಿಟ್ಟಿದ್ದನಂತೆ.

ಹೊದಿಕೆ ಎಂಥ ಆಕಾರದ್ದೆಂಬ ಮಾತಿಗೆ ಸುಬ್ಬನೂ ಬಂದ, ವಾರ್ನಿಶ್‌ನ ತಪ್ಪಿಗೆ ಎರಡು ಬಂಗಡೆ ಮೀನು ಹಿಡಿದುಕೊಂಡು.

"ಮುಂದೆ ಚೂಪು ಇರ್ಬೇಕು, ದೋಣಿ ಮೂತಿ ಹಾಂಗೆ. ಹಿಂದೆ ಅಗಲ" ಎಂದ.

ಮಧುಕರನೂ ತಲೆಯಾಡಿಸಿದ. ಗಂಗೂ ಆಗಲೇ ಮೆಟ್ಟುಗತ್ತಿಯ ಮುಂದೆ ಕೂತು ಬಂಗಡೆ ಕೊಯ್ಯತೊಡಗಿದ್ದಳು. ಅವಳು ಮೀನನ್ನು ಎತ್ತಿ ಹಿಡಿದಳು.

"ಇದ್ರ ಚೂಪು ಎಲ್ಲಿ ಅದೆ ಸುಬ್ಬಣ್ಣ? ಮುಂದಾ, ಹಿಂದಾ?"

ಸುಬ್ಬ ನೋಡಿದ. ತಲೆಯ ಕಡೆ ದಪ್ಪ, ದುಂಡು. ಬಾಲಕ್ಕೆ ಹೋಗುತ್ತ ಹೋಗುತ್ತ ಸಪೂರ.

"ಜೀವಮಾನ ಪೂರಾ ಹಿಡ್ದೆ" ಎಂದ ಸುಬ್ಬ, "ಒಂದ್ಸಲ ಸಮಾ ನೋಡ್ಲಿಲ್ಲ."

"ಕೊಯ್ಯೂದು ನಾವಲ್ದಾ" ಎಂದಳು ಗಂಗೂ.

ಬಂದರಿನಲ್ಲಿ ಮೀನು ತುಂಬುವ ಥರ್ಮಾಕೋಲ್ ಪೆಟ್ಟಿಗೆಗಳು ಒಡೆದು ರಾಶಿ ಬಿದ್ದಿರುತ್ತವೆ. ಮಧುಕರ ಒಂದು ಹೊರೆ ತಂದ. ಗಂಗೂ ಅದನ್ನು ಉದ್ದಕ್ಕೆ ಸೀಳಿ, ಬಂಗಡೆಯ ಮೈಯಂತೆ ಕೆತ್ತಿ, ಕೊಳವೆಗೆ ಅಂಟಿಸಿ, ಉಳಿದ ಬಟ್ಟೆ ಸುತ್ತಿ ಹದ ಬಿಸಿಯ ಇಸ್ತ್ರಿ ಎಳೆದಳು. ನಾಲ್ಕು ಕೊಳವೆಗೂ ಸೇರಿ ಎರಡು ಕಿಲೋ ಆಗಲಿಲ್ಲ. ಮುಳ್ಳು ಒಮ್ಮೆಲೇ ತೊಂಬತ್ತಕ್ಕೆ ಬಂತು. ಆಮೇಲೆ ಅವಳಿಗೆ ಎಲ್ಲೆಲ್ಲೂ ಗಾಳಿಯೇ ಕಾಣತೊಡಗಿತು. ರೆಕ್ಕೆಗೂ ಅದರ ಹಿಂದಿನ ಅಲುಗಾಡುವ ಪಟ್ಟಿಗೂ ನಡುವಿನ ಸಂದಿಯಲ್ಲಿ ಗಾಳಿ ನುಸುಳುವುದು, ಬರಿಯ ಚಕ್ರಗಳ ಸುತ್ತ ಒದ್ದಾಡುವುದು. ಸಂದಿಗೆ ಬಟ್ಟೆಯ ಪಟ್ಟಿ ಹಚ್ಚಿದಳು, ಚಕ್ರಗಳಿಗೆ ಟೋಪಿ ಮಾಡಿದಳು. ತೊಂಬತ್ಮೂರು.

ಅಲ್ಲಿಗೆ ನಿಂತಿತು. ಮೇ ಎರಡನೆಯ ವಾರ ಬಂತು. ಎರಡು ಕಿಲೋಮೀಟರ್ ಎಲ್ಲೂ ಸಿಗಲಿಲ್ಲ. ಪಶ್ಚಿಮಕ್ಕೆ ಸಂಜೆ ಸಂಜೆ ಮೋಡ ಕಟ್ಟುತ್ತಿತ್ತು.

"ಭಾಳ ಮಾಡಿದಿ, ಗಂಗೂ" ಎಂದ ಮಧುಕರ, ಮೆಲ್ಲಗೆ. "ಆದ್ರೆ ಮಾತು ಮಾತೇ. ಮುಂದಿನ ವರ್ಷಕ್ಕೆ ಸೀಟು ತೆಗಿತೆ. ಈಗ ಅದಿಲ್ದಿದ್ರೆ ನೂರಾ ಐದು ಹೋಗ್ತದೆ, ಗೊತ್ತಾ? ಎಲ್ಲಾ ನಿನ್ನಿಂದ್ಲೇ."

ಅವನು ಹಾರಿ ಬಂದು ಜಗಲಿಯ ಮೇಲೆ ಕೂತಿದ್ದ. ಎಂದಿನಂತೆ ಬಲಗೈ ಚಾಚಿದ. ಎಂದಿನಂತೆ ಗಂಗೂ ಬೆಚ್ಚಗೆ ಮಾಡಿದ ಕೊಬ್ಬರಿ ಎಣ್ಣೆ ತಂದು ತಿಕ್ಕತೊಡಗಿದಳು. ಹಾರಿ ಬಂದ ದಿನವೆಲ್ಲ ಅವನಿಗೆ ಆ ತೋಳು ನೋಯುತ್ತಿತ್ತು. ಹಿಡಿಕೆಯನ್ನು ಸದಾ ತನ್ನತ್ತ ಎಳೆದು ಹಿಡಿದಿರಬೇಕು, ಇಲ್ಲದಿದ್ದರೆ ಮೂಗು ಕೆಳಗಾಗುತ್ತದೆ ಎಂದು ಅವನು ಹೇಳುತ್ತಿದ್ದ. ತಿಕ್ಕುತ್ತಿದ್ದ ಗಂಗೂಳ ಕೈ ನಿಂತಿತು.

"ಹಿಡಿಕೆ ಎಳೆದ್ರೆ ಎಂತ ಏಳ್ತದೆ?"

"ಬಾಲದ ಪಟ್ಟಿ."

"ಅದು ಯಾವಾಗ್ಲೂ ಎದ್ದೇ ಇರ್ತದಾ? ಗಾಳಿಗೆ ಅಡ್ಡ?"

ಮಧುಕರ ಚಾಚಿದ ತೋಳನ್ನೇ ನೋಡಿಕೊಂಡ.

"ಮೂಗು ಯಾಕೆ ಕೆಳಗೆ ಹೋಗ್ತದೆ? ಮುಂದೆ ಭಾರ ಆಗಿ ಅಲ್ದಾ? ಮುಂದೆ ಯಾರು ಕೂಡ್ರೂದು?" ಅವಳು ಎಣ್ಣೆಯ ಕೈ ಸೆರಗಿಗೆ ಒರೆಸಿಕೊಂಡಳು. "ನಿಮ್ಮ ಬುಕ್ಕಿನಲ್ಲಿ ನಿಮ್ಮ ತೂಕ ಎಷ್ಟು ಅದೆ?"

"ಎಪ್ಪತ್ತೊಂಬತ್ತು."

"ಯಾವಾಗ ತೂಗಿದ್ದು?"

ಅವನು ನೆನಪಿಸಿಕೊಳ್ಳಲು ನೋಡಿದ. ಕಟ್ಟಲು ಶುರುಮಾಡಿದ ವರ್ಷ ಇರಬೇಕು. ಒಂದೊಂದು ನಟ್ಟನ್ನೂ ತೂಗಿದ್ದ. ಹೆಂಡತಿಯನ್ನು ಊರೆದುರು ತೂಗಿದ್ದ. ಆಮೇಲೆ ತನ್ನನ್ನು ತೂಗಿಕೊಂಡಿರಲಿಲ್ಲ. ಅದು ಬೇಕೆಂದು ಹೊಳೆದೂ ಇರಲಿಲ್ಲ.

ಮರುದಿನ ಗಿರಣಿಯಲ್ಲಿ ಮುಳ್ಳು ಎಂಬತ್ತೆಂಟಕ್ಕೆ ನಿಂತಿತು. ಗಿರಣಿಯ ಹೆಂಗಸರು ಅಂದೂ ಇದ್ದರು. "ಗಂಗಕ್ಕ, ಒಂಬತ್ತು ಕಿಲೋ ನಿನ್ನ ಅಡುಗೇದೇ ಸೈ" ಎಂದರು. ಸುಬ್ಬನ ವಾರ್ನಿಶ್‌ನಷ್ಟೇ ತೂಕ ಎಂದು ಮಧುಕರನೇ ಹೇಳಿ ಪೆಚ್ಚಾಗಿ ನಕ್ಕ.

ಮನೆಗೆ ಬರುವ ದಾರಿಯಲ್ಲಿ ಅವನೆಂದ: "ಊಟ ಕಮ್ಮಿ ಮಾಡ್ತೆ. ನಂಗೆ ಬೇರೆ ಎಂತಾದ್ರೂ ಹಗುರದ್ದು ಮಾಡ್ಕೊಡು. ರಾಗಿದೋ, ತರಕಾರಿದೋ."

"ಬೇರೆ ಅಡುಗೆ ಮಾಡೂಕೆ ನಂಗೆ ಇನ್ನೆರಡು ಕೈ ಇಲ್ಲ" ಎಂದಳು ಗಂಗೂ. "ಮನೇಲಿ ಮಾಡಿದ್ದೇ ಉಣ್ಣಿ, ಎರಡನೇ ಸಲ ಬಡಿಸ್ಕೊಳ್ಬೇಡಿ. ಮತ್ತೆ ಬಾವಿ ಅದೆ. ದಿನಕ್ಕೆ ಇಪ್ಪತ್ತು ಕೊಡ."

ಅತ್ತೆ ಮೊದಲ ದಿನ ಕಣ್ಣೀರು ಹಾಕಿದರು. ಎರಡನೆಯ ದಿನ, "ಗಂಡಸು ನೀರು ಹೊತ್ರೆ ನೋಡಿದವ್ರು ಎಂತ ಹೇಳ್ತಾರೆ?" ಎಂದರು. ಮೂರನೆಯ ದಿನ ಬಾವಿಕಟ್ಟೆಯ ಹತ್ತಿರ ಮಣೆ ಹಾಕಿಕೊಂಡು ಕೂತು, "ಕೊಡ ಪೂರಾ ತುಂಬ್ಸೋ, ಅರ್ಧಕ್ಕೇ ಎತ್ತಿಕೊಂಡು ಓಡ್ತಿ" ಎನ್ನತೊಡಗಿದರು. ಮಧುಕರನಿಗೆ ಐದನೆಯ ದಿನ ಸೊಂಟ ಹಿಡಿಯಿತು, ಎಂಟನೆಯ ದಿನ ಬಿಟ್ಟಿತು. ಒಂದು ಬೆಳಿಗ್ಗೆ ಹದಿನೇಳನೆಯ ಕೊಡ ಇಳಿಸಿ ಏದುತ್ತ ನಿಂತವನು ಕೇಳಿದ: "ಇಷ್ಟು ನೀರು ಎಲ್ಲಿ ಹೋಗ್ತದೆ ಗಂಗೂ?" ಅವಳು ಹಸುವಿನ ಕಡೆ, ಬಚ್ಚಲಿನ ಕಡೆ, ಪಾತ್ರೆಯ ರಾಶಿಯ ಕಡೆ, ಅವನ ಒದ್ದೆ ಅಂಗಿಯ ಕಡೆ ಒಮ್ಮೆ ನೋಡಿದಳು, ಅಷ್ಟೆ. ಆ ದಿನಗಳಲ್ಲಿ ಬೆಳಗಿನ ಒಂದು ತಾಸು ಅವಳ ಪಾಲಿಗೆ ಖಾಲಿ ಉಳಿಯಿತು. ಅವಳು ಕಡಲಂಚಿಗೆ ಹೋಗಿ ಗಾಳಿಮರಗಳಡಿ ನಿಂತು ಬರುತ್ತಿದ್ದಳು.

ಮೇ ಇಪ್ಪತ್ತೊಂಬತ್ತಕ್ಕೆ ಅವನು ಎಂಬತ್ಮೂರು ಕಿಲೋಕ್ಕೆ ಇಳಿದಿದ್ದ. ಮೂಗಿನಲ್ಲಿದ್ದ ಬ್ಯಾಟರಿಯನ್ನು ಬಿಚ್ಚಿ ಹಿಂದಿನ ಸೀಟಿನ ಅಡಿಗೆ ಕೂರಿಸಿದ್ದ. ಚೀಲ ಕಟ್ಟಿಕೊಂಡು ಹಾರಿ ಬಂದ. ಇಳಿದು, ಕನ್ನಡಕ ತೆಗೆದು, ಎರಡೂ ಕೈಯಿಂದ ಒಂಬತ್ತು ಬೆರಳು ತೋರಿಸಿದ. ಆಮೇಲೆ ಎರಡೂ ಕೈ ಮುಚ್ಚಿ, ತೆರೆದು, ಆರು ಬೆರಳು ತೋರಿಸಿದ. ತೊಂಬತ್ತಾರು.

"ಕೈಗೆ ನೋವಿಲ್ಲ" ಎಂದ. "ಹಿಡಿಕೆ ಬಿಟ್ರೂ ನೆಟ್ಟಗೆ ಹೋಗ್ತದೆ." ಅಕ್ಕಿ ಚೀಲ ಬಿಚ್ಚಿ ಕೆಳಗಿಟ್ಟ. "ಸಮುದ್ರ ಇಳಿದೇ ಅದೆ. ಇನ್ನೂ ಒಂದು ತಾಸು ಅದೆ. ಬರ್ತ್ಯಾ?"

ಗಂಗೂ ಗದ್ದೆಗಿಳಿಯುವವಳಂತೆ ಸೀರೆಗೆ ಕಚ್ಚೆ ಹಾಕಿದಳು. ಹಿಂದಿನ ಸೀಟಿಗೆ ಹತ್ತಿ ಕೂತು ಪಟ್ಟಿ ಬಿಗಿದುಕೊಂಡಳು. ಅತ್ತೆ ಮರಳಿನ ಮೇಲೆ ನಿಂತು ಕೂಗುತ್ತಿದ್ದರು: "ತಲೆ ಹೊರಗೆ ಹಾಕ್ಬೇಡ ಗೋ! ಕೆಳಗೆ ನೋಡ್ಬೇಡ!" ಪಂಖ ತಿರುಗಿ ಆ ಮಾತು ಹಾರಿಹೋಯಿತು.

ಚಕ್ರದ ಸದ್ದು ಯಾವಾಗ ನಿಂತಿತೆಂದು ಅವಳಿಗೆ ತಿಳಿಯಲಿಲ್ಲ. ಮರಳು ಕೆಳಗಿತ್ತು, ಅಷ್ಟೆ. ಗಾಳಿಮರಗಳ ತುದಿಗಳು ಕೆಳಗಿಳಿದು ಹಸಿರು ಹುಡಿಯಾದವು. ತೆಂಗಿನ ತಲೆಗಳು ನಕ್ಷತ್ರಗಳಂತೆ ಬಿಚ್ಚಿಕೊಂಡವು. ಹೆದ್ದಾರಿಯ ಲಾರಿಗಳು ಸದ್ದಿಲ್ಲದೆ ಹೋಗುತ್ತಿದ್ದವು. ಮಂಜಗುಣಿಯ ಹತ್ತಿರ ನದಿ ಬಂದು ಸಮುದ್ರದೊಳಗೆ ಕೈ ಚಾಚಿತ್ತು. ಎರಡು ಬಣ್ಣ ಅಲ್ಲ, ಐದಾರು ಬಣ್ಣ. ಮಧುಕರ ನೋಡಿದ್ದು ಕಡಿಮೆ ಎಂದುಕೊಂಡಳು. ನಡುವಿನ ಗೆರೆ ಗೆರೆಯೇ ಆಗಿರಲಿಲ್ಲ. ನಿಧಾನವಾಗಿ ಉಸಿರಾಡುವ ಒಂದು ಅಂಚು. ಅದರ ಮೇಲೆ ವಿಮಾನದ ನೆರಳು ಬಂಗಡೆಯಂತೆ ಈಜುತ್ತಿತ್ತು.

ಅವಳು ಬಲಗೈಯನ್ನು ಹೊರಗೆ ಚಾಚಿದಳು. ಅಂಗೈ ಮಗುಚಿ ಮಲಗಿಸಿದಾಗ ಗಾಳಿ ಅದರ ಮೇಲೂ ಕೆಳಗೂ ಜಾರಿ ಹೋಯಿತು. ಅಂಗೈ ತಿರುಗಿಸಿ ನಿಲ್ಲಿಸಿದಳು. ಗಾಳಿ ಗಟ್ಟಿಯಾಗಿ, ಬೆಚ್ಚಗೆ, ನದಿಯ ನೀರಿನ ಹಾಗೆ ಬಂದು ಕೈ ತುಂಬ ಒತ್ತಿತು. ನಾಲ್ಕು ತಿಂಗಳು ಅವಳು ಓಡಿಸಲು ಹೆಣಗಿದ್ದು ಇದನ್ನೇ. ಮುಟ್ಟಿದ್ದು ಈಗ. ಮುಂದಿನ ಸೀಟಿನಿಂದ ಮಧುಕರ ಕುತ್ತಿಗೆ ತಿರುಗಿಸಿ ಕೂಗಿದ:

"ಕೈ ಒಳಗಿಡು ಮಾರಾಯ್ತಿ! ಸ್ಪೀಡು ಇಳೀತಾ ಅದೆ!"

ಅವನ ಭುಜದ ಮೇಲಿಂದ ಮೀಟರು ಕಾಣುತ್ತಿತ್ತು. ಮುಳ್ಳು ತೊಂಬತ್ತಾರರಿಂದ ತೊಂಬತ್ತೈದಕ್ಕೆ ಬಂದಿತ್ತು. ಗಂಗೂ ಅದನ್ನು ನೋಡಿದಳು, ಕೈಯನ್ನು ಇನ್ನಷ್ಟು ಹೊತ್ತು ಹೊರಗೇ ಇಟ್ಟಳು.